ಲಾಗಿನ್ ಯಾರದೋ ಹೊಣೆಯೂ ಅವರದೇ



ಕೋಡ್ ಬರೆಯುವ ಎಐ ಸಹಾಯಕವನ್ನು ಕಚೇರಿಯಲ್ಲಿ ಯಾರ ಕೈಗೆ, ಎಷ್ಟರ ಮಟ್ಟಿಗೆ ಕೊಡಬೇಕು ಎಂದು ಚರ್ಚಿಸಲು ಗುರುಪುರದಲ್ಲಿ ಸೇರಿದ್ದೇವೆ. ಇಲ್ಲಿ ನಿಂತಾಗ ನನಗೆ ಮೊದಲು ನೆನಪಾಗುವುದು ತಾಲ್ಲೂಕು ಕಚೇರಿಯ ಪಹಣಿ ಕೌಂಟರ್. ಹುಣಸೂರು, ಪಿರಿಯಾಪಟ್ಟಣದ ಕಡೆಯ ರೈತರ ಮಕ್ಕಳಿಗೆ ಅದನ್ನು ವಿವರಿಸಬೇಕಿಲ್ಲ.

ಜಮೀನು ದಾಖಲೆಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಗೆ ಮೊದಲು ಪಹಣಿ ಪುಸ್ತಕ ಗ್ರಾಮ ಲೆಕ್ಕಿಗರ ಬಳಿ ಇರುತ್ತಿತ್ತು. ಹೆಸರು ತಿದ್ದಿದ್ದರೆ ತಿದ್ದಿದವರು ಯಾರು, ಯಾವತ್ತು ಎಂದು ಪತ್ತೆ ಹಚ್ಚುವುದು ಕಷ್ಟ. 2000ದ ಆಸುಪಾಸಿನಲ್ಲಿ 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಬಂದವು. ಎಲ್ಲರೂ ಗಣಕೀಕರಣವನ್ನು ಹೊಗಳಿದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಬೆರಳಚ್ಚು. ದಾಖಲೆ ಮುಟ್ಟುವ ಸಿಬ್ಬಂದಿ ಬೆರಳಿಟ್ಟೇ ಒಳಗೆ ಹೋಗಬೇಕಿತ್ತು. ಪಾಸ್‌ವರ್ಡನ್ನು ಪಕ್ಕದವರ ಕಿವಿಯಲ್ಲಿ ಹೇಳಬಹುದು, ಬೆರಳನ್ನು ಬಿಚ್ಚಿ ಕೊಡಲಾಗದು.

ಎಐ ಸಹಾಯಕದ ವಿಷಯದಲ್ಲೂ ಇದೇ ಪ್ರಶ್ನೆ. ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ನಾಲ್ವರು ಹುಡುಗರು ಎಐ ಸಹಾಯಕದ ಒಂದೇ ಲಾಗಿನ್ ಹಂಚಿಕೊಂಡಿದ್ದರು. ಅದು ಬರೆದುಕೊಟ್ಟ ಒಂದು ಸಾಲು ಗ್ರಾಹಕರ ಬಿಲ್ಲುಗಳನ್ನು ಕೆಡಿಸಿತು. ಲಾಗ್ ತೆಗೆದರೆ ಸಿಕ್ಕಿದ್ದು ಆ ಲಾಗಿನ್‌ನ ಒಡತಿಯಾದ, ಆ ವಾರವೆಲ್ಲ ರಜೆಯಲ್ಲಿದ್ದ ಹುಡುಗಿಯ ಹೆಸರು. ಅವಳು ಊರಿನಿಂದ ಅಳುತ್ತ ಫೋನ್ ಮಾಡಿದ್ದನ್ನು ನಾನು ಮರೆತಿಲ್ಲ.

ಹಾಗೆಂದು ಪೂರ್ತಿ ನಿಷೇಧ ಪರಿಹಾರವಲ್ಲ. 2023ರಲ್ಲಿ ಸ್ಯಾಮ್‌ಸಂಗ್ ಎಂಜಿನಿಯರುಗಳು ಸಂಸ್ಥೆಯ ಮೂಲ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿದ್ದು ಬಯಲಾದ ಮೇಲೆ ಆ ಕಂಪನಿ ಇಂಥ ಸಾಧನಗಳನ್ನೇ ನಿಷೇಧಿಸಿತು. 2025ರ ಜನವರಿಯಲ್ಲಿ ನಮ್ಮ ಹಣಕಾಸು ಸಚಿವಾಲಯವೂ ಕಚೇರಿ ಕಂಪ್ಯೂಟರುಗಳಲ್ಲಿ ಇವು ಬೇಡವೆಂದಿತು. ಆತಂಕ ನ್ಯಾಯವಾದದ್ದೇ. ಆದರೆ ಮುಂಬಾಗಿಲು ಹಾಕಿದರೆ ಕೆಲಸದ ಒತ್ತಡದಲ್ಲಿರುವವರು ಸ್ವಂತ ಮೊಬೈಲಿನ ಹಿಂಬಾಗಿಲಿಂದ ಹೋಗುತ್ತಾರೆ, ಅಲ್ಲಿ ಲಾಗೂ ಇರುವುದಿಲ್ಲ.

ಕೊಡೋಣ, ತೂಗಿ ಕೊಡೋಣ. ಸಂಸ್ಥೆಯೇ ಹಣ ಕಟ್ಟಿ, ಒಬ್ಬೊಬ್ಬರಿಗೂ ಅವರವರ ಹೆಸರಿನಲ್ಲೇ ಖಾತೆ ಮಾಡಿಸಲಿ. ಸಹಾಯಕಕ್ಕೆ ಕೋಡ್ ಓದಲು ಬಿಡುವುದು ಬೇರೆ, ಕಂಪ್ಯೂಟರಿನಲ್ಲಿ ಆದೇಶ ಚಲಾಯಿಸಲು ಬಿಡುವುದು ಬೇರೆ. ಎರಡನ್ನೂ ಒಂದೇ ಅನುಮತಿಯಲ್ಲಿ ಕಟ್ಟಬಾರದು. ಪಾಸ್‌ವರ್ಡ್ ಇರುವ ಫೈಲುಗಳು ಅದರ ಕಣ್ಣಿಗೆ ಬೀಳಬಾರದು. ಜನರ ನಿಜವಾದ ಮಾಹಿತಿಯಂತೂ ಕೂಡದು, ಪರೀಕ್ಷೆಗೆ ಕಟ್ಟಿದ ಮಾಹಿತಿ ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಭದ್ರತೆಯಲ್ಲಿ ಎಡವಿದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೂ ದಂಡ ಬೀಳಬಹುದು. ಯಂತ್ರ ಬರೆದ ಕೋಡನ್ನು ಒಬ್ಬ ಮನುಷ್ಯ ಓದಿ, ತನ್ನ ಹೆಸರು ಹಾಕಿಯೇ ಮುಂದೆ ಕಳಿಸಬೇಕು.

ಈ ಗೋಷ್ಠಿಯಲ್ಲಿ ನೀವು ಬೇಕಾದಷ್ಟು ವಾದ ಮಾಡಿ. ಊಟದ ಬಿಡುವಿನಲ್ಲಿ ಮಾತ್ರ ನಿಮ್ಮ ಕಚೇರಿಗೆ ಒಂದು ಫೋನ್ ಮಾಡಿ, ಕೆಲಸ ಬಿಟ್ಟುಹೋದವರ ಲಾಗಿನ್ ಇನ್ನೂ ತೆರೆಯುತ್ತಿದೆಯೇ ಎಂದು ವಿಚಾರಿಸಿ. ತೆರೆಯುತ್ತಿದ್ದರೆ ಇವತ್ತೇ ಮುಚ್ಚಿಸಿ.