ಪಕ್ಕದ ಮನೆಯ ಹಸಿರು ಎಂಜಿಬಿ

 

ಈ ಸಲ ಕಾರಿನ ಬಗ್ಗೆ ಮಾತಾಡುತ್ತೇನೆ ಎಂದಾಗ ನಮ್ಮ ಮನೆಯವರು ಕಾಫಿ ಲೋಟ ಕೆಳಗಿಟ್ಟು ನಕ್ಕರು. "ಕನ್ನಡ ಎಂ.ಎ. ಮಾಡಿದವಳಿಗೆ ಕಾರ್ಬುರೇಟರ್ ಯಾಕೆ?" ಅಂದರು. ನಗಲಿ ಬಿಡಿ. ಹೋದ ವರ್ಷ ಬೇಸಿಗೆಯಿಡೀ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ನಡೆದ ಮಾತೆಲ್ಲ ಕಾರ್ಬುರೇಟರ್, ತುಕ್ಕು, ಇನ್ಶೂರೆನ್ಸ್ ಇವುಗಳದ್ದೇ. ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಅಆಇಈ ಕಲಿತ ಕೆಲವರು ಈಗ ಕೆಲಸಕ್ಕೆ ಸೇರಿದ್ದೀರಿ. "ಆಂಟಿ, ಫಸ್ಟ್ ಕಾರ್ ಯಾವುದು ತಗೊಳ್ಳಲಿ?" ಎಂದು ನನ್ನನ್ನೂ ಕೇಳಿದವರಿದ್ದೀರಿ. ಬುದ್ಧಿ ಹೇಳುವುದಕ್ಕಿಂತ ನಮ್ಮ ಮನೆಯಲ್ಲಿ ಏನಾಯಿತು ಎಂದು ಹೇಳುವುದೇ ವಾಸಿ.

ನಾವಿರುವುದು ಇಂಗ್ಲೆಂಡಿನಲ್ಲಿ, ಅಬಿಂಗ್ಡನ್ ಹತ್ತಿರದ ಒಂದು ಹಳ್ಳಿಯಲ್ಲಿ. ಆಕ್ಸ್‌ಫರ್ಡಿನಿಂದ ಸ್ವಲ್ಪ ಕೆಳಗೆ. ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ನನ್ನ ಮಗ ನಾಲ್ಕು ವರ್ಷದವನಿದ್ದಾಗಿನಿಂದ ಅವರನ್ನು ತಾತ ಎಂದೇ ಕರೆಯುತ್ತಾನೆ. ಆಗ ಅವರಿಗೆ ಐವತ್ತೂ ಆಗಿರಲಿಲ್ಲ ಪಾಪ. ತಾತ ಎಂದರೆ ಏನು ಎಂದು ಗೊತ್ತಾಗುವ ಹೊತ್ತಿಗೆ ಹೆಸರು ಗಟ್ಟಿಯಾಗಿ ಅಂಟಿಬಿಟ್ಟಿತ್ತು. ಅವರ ಗ್ಯಾರೇಜಿನಲ್ಲಿ 1972ರ ಒಂದು ಎಂಜಿಬಿ ಇತ್ತು. ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಹೊದಿಕೆ, ಮುಂದೆ ಫಳಫಳ ಹೊಳೆಯುವ ಕ್ರೋಮ್ ಬಂಪರ್, ಕಡು ಹಸಿರು ಬಣ್ಣ.

ನನಗೆ ಎಂಜಿ ಎಂದರೆ ಬೆಂಗಳೂರಿನ ಎಂಜಿ ರೋಡು ಅಷ್ಟೇ ಗೊತ್ತಿದ್ದದ್ದು. ಈಗ ಊರಿಗೆ ಹೋದರೆ ನಮ್ಮಣ್ಣನ ಮಕ್ಕಳಿಗೆ ಎಂಜಿ ಎಂದರೆ ಹೆಕ್ಟರ್, ದೊಡ್ಡ ಗಾತ್ರದ ಮನೆಮಂದಿಯ ಕಾರು. ಆ ಹೆಸರಿನ ಒಡೆತನ ಚೀನಾದ ಕಂಪನಿಯ ಕೈಗೆ ಹೋಗಿ, 2019ರಿಂದ ಅದು ಭಾರತದಲ್ಲೂ ಮಾರಾಟವಾಗುತ್ತಿದೆ. ಆದರೆ ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್, ಆಕ್ಸ್‌ಫರ್ಡಿನಲ್ಲಿ ವಿಲಿಯಂ ಮಾರಿಸ್ ಅವರು ನಡೆಸುತ್ತಿದ್ದ ಕಾರಿನ ಅಂಗಡಿ. ಎಂಜಿಬಿ ಕಾರುಗಳನ್ನು 1962ರಿಂದ 1980ರವರೆಗೆ ಇಲ್ಲೇ ಅಬಿಂಗ್ಡನ್ನಿನಲ್ಲಿ ಜೋಡಿಸುತ್ತಿದ್ದರು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಈ ಸಣ್ಣ ಊರಿನಿಂದ ಹೊರಟವು, ಅದರಲ್ಲಿ ಬಹುಪಾಲು ಅಮೆರಿಕಕ್ಕೆ. ನಮ್ಮ ತಾತ 16ನೇ ವಯಸ್ಸಿಗೇ ಆ ಕಾರ್ಖಾನೆಗೆ ಕೆಲಸ ಕಲಿಯಲು ಸೇರಿದವರು. 1980ರ ಅಕ್ಟೋಬರಿನಲ್ಲಿ ಅದು ಬಾಗಿಲು ಹಾಕಿದಾಗ ಅವರಿಗೆ 21. ಮೂರು ವರ್ಷ ಬಿಟ್ಟು, ಬೇರೆ ಕಡೆ ದುಡಿದ ದುಡ್ಡಿನಲ್ಲಿ ಈ ಹಸಿರು ಕಾರನ್ನು ಹಳೆಯದಾಗಿಯೇ ಕೊಂಡರು.

ನನ್ನ ಮಗ ಬೆಳೆದದ್ದು ಅರ್ಧ ನಮ್ಮ ಮನೆಯಲ್ಲಿ, ಅರ್ಧ ಆ ಗ್ಯಾರೇಜಿನಲ್ಲಿ. ಶನಿವಾರ ಬೆಳಿಗ್ಗೆ ದೋಸೆ ತಿಂದು ಗೋಡೆ ಹಾರಿದರೆ ಮಧ್ಯಾಹ್ನ ಕೈಯೆಲ್ಲ ಗ್ರೀಸು ಮಾಡಿಕೊಂಡು ಬರುತ್ತಿದ್ದ. ಎರಡು ಕಾರ್ಬುರೇಟರುಗಳಿಗೂ ಒಂದೇ ಅಳತೆಯಲ್ಲಿ ಗಾಳಿ ಹೋಗುತ್ತಿದೆಯೇ ಎಂದು ರಬ್ಬರ್ ಕೊಳವೆಯ ಒಂದು ತುದಿ ಕಿವಿಗಿಟ್ಟು ಕೇಳುವುದನ್ನು ಹನ್ನೆರಡನೆಯ ವಯಸ್ಸಿಗೇ ಕಲಿತಿದ್ದ. ಅಷ್ಟೇ ಶ್ರದ್ಧೆಯಿಂದ ಒತ್ತಕ್ಷರ ಕಲಿತಿದ್ದರೆ ಎಂದು ನಾನು ಎಷ್ಟು ಸಲ ಗೊಣಗಿದ್ದೇನೋ.

ಹೋದ ವರ್ಷ ಅವನಿಗೆ ನ್ಯೂಬರಿಯಲ್ಲಿ ಕೆಲಸ ಸಿಕ್ಕಿತು. ಇಲ್ಲಿಂದ ಇಪ್ಪತ್ತು ಮೈಲಿಗೂ ಹೆಚ್ಚು. ಬಸ್ಸು ನಂಬಿಕೊಂಡರೆ ಆಗುವುದಿಲ್ಲ, ಕಾರು ಬೇಕೇ ಬೇಕು. ಅದೇ ಜೂನ್ ತಿಂಗಳಲ್ಲಿ ತಾತ ಒಂದು ದಿನ ಟೀ ಕುಡಿಯುತ್ತಾ ಹೇಳಿದರು: ಕೈ ನಡುಗುತ್ತಿದೆ, ಸ್ಪ್ಯಾನರ್ ನಿಲ್ಲುತ್ತಿಲ್ಲ, ಕಾರು ಕೊಟ್ಟುಬಿಡುತ್ತೇನೆ. ಜಾಹೀರಾತು ಹಾಕುವ ಮೊದಲು ನಿನ್ನನ್ನು ಕೇಳುತ್ತಿದ್ದೇನೆ. ಏಳು ಸಾವಿರ ಪೌಂಡ್. ಸೆಪ್ಟೆಂಬರ್ ಕೊನೆಯೊಳಗೆ ಹೇಳು.

ಮಗನ ಮುಖ ನೋಡಬೇಕಿತ್ತು ನೀವು.

ನಮ್ಮವರದು ಬೇರೆ ಲೆಕ್ಕ. ಅಷ್ಟೇ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದರೆ 2016ರ ಮಾಜ್ದಾ ಎಂಎಕ್ಸ್-5 ಬರುತ್ತದೆ, ಅದೂ ಎರಡೇ ಸೀಟು, ಅದರದೂ ಮಡಚುವ ಹೊದಿಕೆ, ಬೆಳಿಗ್ಗೆ ಬಟನ್ ಒತ್ತಿದರೆ ಹೊರಡುತ್ತದೆ ಎಂದರು. ಅಲ್ಲಿಂದ ಶುರುವಾಯಿತು ನಮ್ಮ ಮನೆಯ ಮಹಾಭಾರತ.

ಇದು ಬರೀ ಮುದಿ ಕಾರು, ಎಳೆ ಕಾರು ಎನ್ನುವ ಜಗಳವಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಎಂಜಿಬಿ ನಿಂತ ಮೇಲೆ ಇಂಥ ಹಗುರವಾದ, ಕೈಗೆಟುಕುವ ತೆರೆದ ಕಾರು ಹೆಚ್ಚುಕಡಿಮೆ ಇಲ್ಲವಾಗಿಬಿಟ್ಟಿತ್ತಂತೆ. ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತ, ಹಳೆಯ ಬ್ರಿಟಿಷ್ ಕಾರುಗಳ ಹುಚ್ಚಿನವರು, 1979ರಲ್ಲೇ ಮಾಜ್ದಾದ ಕೆನಿಚಿ ಯಮಾಮೊಟೊ ಅವರ ಮುಂದೆ ಅಂಥದ್ದೊಂದನ್ನು ನೀವು ಮಾಡಬೇಕು ಎಂದಿದ್ದರು. ಹತ್ತು ವರ್ಷ ಹಿಡಿಯಿತು. 1989ರಲ್ಲಿ ಶಿಕಾಗೋದ ಕಾರು ಪ್ರದರ್ಶನದಲ್ಲಿ ಎಂಎಕ್ಸ್-5 ಹೊರಬಂತು. ಜಪಾನಿನವರು ಅದಕ್ಕೆ "ಜಿನ್ಬಾ ಇತ್ತಾಯಿ" ಎಂಬ ಮಾತನ್ನು ಇಟ್ಟುಕೊಂಡರು. ಸವಾರ, ಕುದುರೆ ಎರಡೂ ಒಂದೇ ಜೀವವಾಗುವುದು ಎಂದು ಅರ್ಥ. ಎಂಜಿಬಿಯ ಲೆಕ್ಕವನ್ನು ಅದು ಯಾವತ್ತೋ ದಾಟಿತು. 2016ಕ್ಕೆ ಹತ್ತು ಲಕ್ಷ ಕಾರುಗಳಾಗಿದ್ದವು. ಅಂದರೆ ಹೊಸದು ಹಳೆಯದರ ವೈರಿಯಲ್ಲ, ಮೊಮ್ಮಗಳು. ಆರಿಸುವುದು ಕಷ್ಟವಾದದ್ದು ಅದಕ್ಕೇ.

ಮಗ ಕಾಗದ ಹಿಡಿದು ತನ್ನ ವಾದ ಮಂಡಿಸಿದ. ನಲವತ್ತು ವರ್ಷ ದಾಟಿದ ಕಾರಿಗೆ ಈ ದೇಶದಲ್ಲಿ ರಸ್ತೆ ತೆರಿಗೆ ಕಟ್ಟಬೇಕಿಲ್ಲ. ದೊಡ್ಡ ಬದಲಾವಣೆ ಮಾಡಿರದಿದ್ದರೆ ವರ್ಷಕ್ಕೊಮ್ಮೆಯ ಎಂಒಟಿ ಪರೀಕ್ಷೆಯೂ ಕಡ್ಡಾಯವಲ್ಲ. ಲಂಡನ್ನಿನ ಯೂಲೆಜ್ ಶುಲ್ಕವೂ ಇಲ್ಲ. ಬಿಡಿಭಾಗಗಳು ಈಗಲೂ ಸಿಗುತ್ತವೆ, ಕಾರಿನ ಇಡೀ ಉಕ್ಕಿನ ಮೈಯನ್ನೇ 1988ರಿಂದ ಹೊಸದಾಗಿ ಮಾಡಿಕೊಡುತ್ತಿದ್ದಾರೆ. ಎಂಟು ವರ್ಷ ಹಳೆಯ ಎಂಎಕ್ಸ್-5ರ ಬೆಲೆ ವರ್ಷ ವರ್ಷ ಇಳಿಯುತ್ತದೆ, ಇದರದು ಇಳಿಯುವಷ್ಟು ಇಳಿದು ಮುಗಿದಿದೆ.

ಅವನಪ್ಪ ಒಂದೊಂದಕ್ಕೂ ಉತ್ತರ ಕೊಟ್ಟರು. ಪರೀಕ್ಷೆ ಕಡ್ಡಾಯವಲ್ಲ ಎಂದರೆ ಬ್ರೇಕು ಹಿಡಿಯಬೇಕಿಲ್ಲ ಎಂದೇನೂ ಅಲ್ಲ, ಗಾಡಿ ಸರಿಯಿರುವ ಹೊಣೆ ನಿನ್ನದೇ. ಈಗಿನ ಮಾಮೂಲಿ ಇ10 ಪೆಟ್ರೋಲು ಅದಕ್ಕೆ ಆಗಿಬರುವುದಿಲ್ಲ, ದುಬಾರಿಯ ಇ5 ಹಾಕಬೇಕು. ಹಳೆಯ ಕಾರುಗಳ ಅಗ್ಗದ ಇನ್ಶೂರೆನ್ಸ್ ಸಿಗಬೇಕಾದರೆ ಹಲವು ಕಂಪನಿಗಳು ವಯಸ್ಸು 25 ಆಗಿರಬೇಕು, ದಿನದ ಓಡಾಟಕ್ಕೆ ಬೇರೆ ಕಾರಿರಬೇಕು ಎನ್ನುತ್ತವೆ. ಇವನಿಗೆ 23, ಕಾರು ಒಂದೇ. ಫೋನು ಮಾಡಿ ವಿಚಾರಿಸಿದ ಮೇಲೆ ಮಗನ ಕಾಗದದಲ್ಲಿ ಎರಡು ಸಾಲು ಹೊಡೆದುಹಾಕಿದ್ದನ್ನು ನಾನು ನೋಡಿದೆ.

ಇದರ ನಡುವೆ ಒಂದು ಭಾನುವಾರ ತಾತ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಾಂಟೇಜ್ ದಾಟಿ ಬಿಳಿ ಕುದುರೆಯ ಗುಡ್ಡದ ಕಡೆ ಒಂದು ಸುತ್ತು ಹೊಡೆಸಿದರು. ನಾನು ಕೂತದ್ದು ಬರೀ ಮರ್ಯಾದೆಗೆ. ಅವರು ಚೋಕ್ ಎಳೆದು ಸ್ಟಾರ್ಟ್ ಮಾಡಿದರು ನೋಡಿ, ಆ ಗುಡುಗುಡು ಸದ್ದು, ಆ ಪೆಟ್ರೋಲು, ಬಿಸಿ ಎಣ್ಣೆಯ ವಾಸನೆ... ನಾನು ಅರಸೀಕೆರೆಯಲ್ಲಿದ್ದೆ. ನಮ್ಮ ದೊಡ್ಡಪ್ಪನ ಬಿಳಿ ಅಂಬಾಸಿಡರ್, ಹಿಂದಿನ ಸೀಟಿನಲ್ಲಿ ಆರು ಮಕ್ಕಳು, ಜೇನುಕಲ್ಲು ಸಿದ್ಧೇಶ್ವರನ ಬೆಟ್ಟಕ್ಕೆ ಹೊರಟ ಸೋಮವಾರ. ಏನೋ ಭ್ರಮೆ ಎಂದುಕೊಂಡೆ. ಸಂಜೆ ಮಗನಿಗೆ ಹೇಳಿದರೆ ಅವನು ನಗಲಿಲ್ಲ. "ಅಮ್ಮಾ, ಅದು ಸೇಮ್ ಎಂಜಿನ್ ಫ್ಯಾಮಿಲಿ" ಅಂದ. ಅಂಬಾಸಿಡರ್ ಎಂದರೆ ಇದೇ ಆಕ್ಸ್‌ಫರ್ಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಂತೆ, ಅಚ್ಚು ಕಲ್ಕತ್ತದ ಹತ್ತಿರಕ್ಕೆ ಹೋಗಿ ಅಲ್ಲಿ 2014ರವರೆಗೆ ತಯಾರಾಯಿತು. ಪೆಟ್ರೋಲ್ ಅಂಬಾಸಿಡರಿನಲ್ಲಿ ಎಷ್ಟೋ ವರ್ಷ ಇದ್ದದ್ದು ಬಿ-ಸೀರೀಸ್ ಎಂಜಿನ್ನು, 1489 ಸಿಸಿ. ಎಂಜಿಬಿಯಲ್ಲಿರುವುದು ಅದರದೇ ದೊಡ್ಡಣ್ಣ, 1798 ಸಿಸಿ. ನನ್ನ ಕಿವಿ ಸುಳ್ಳು ಹೇಳಿರಲಿಲ್ಲ. ಅವತ್ತು ರಾತ್ರಿ ನಾನು ಪಕ್ಷ ಬದಲಿಸಿದೆ. ತಗೊಳ್ಳಲಿ ಬಿಡಿ ಎಂದು ಇವರಿಗೆ ಹೇಳಿದೆ.

ಮರುವಾರ ತಾತ ತಾವೇ ಕರೆದು ಕಾರಿನ ಕಾಯಿಲೆ ತೋರಿಸಿದರು. ಹಳೆಯ ಕಾರು ನೋಡಲು ಹೋಗುವವರು ಇದನ್ನು ಕೇಳಿಸಿಕೊಳ್ಳಿ. ನಾವೆಲ್ಲ ನೋಡುವುದು ಬಣ್ಣ, ಕ್ರೋಮು, ಎಂಜಿನ್ನಿನ ಸದ್ದು. ಅವೆಲ್ಲ ಸರಿಮಾಡಬಹುದಾದವು. ನೋಡಬೇಕಾದದ್ದು ಬಾಗಿಲ ಕೆಳಗಿನ ಪಟ್ಟಿ, ಸಿಲ್ ಎನ್ನುತ್ತಾರಲ್ಲ, ಅದು. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಮೇಲೆ ಗಟ್ಟಿ ಛಾವಣಿಯೂ ಇಲ್ಲ, ಹಾಗಾಗಿ ಕಾರಿನ ಬೆನ್ನುಮೂಳೆಯೇ ಆ ಎರಡು ಪಟ್ಟಿಗಳು. ಒಳಗಿನಿಂದ ತುಕ್ಕು ಹಿಡಿಯುತ್ತಾ ಬರುತ್ತದೆ, ಹೊರಗೆ ಹೊಸ ತಗಡು ಬಡಿದು ಬಣ್ಣ ಹೊಡೆದರೆ ಕಾಣುವುದಿಲ್ಲ. ತಾತ ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ಮಗನ ಕೈಗೆ ಕೊಟ್ಟರು. ಎಡಗಡೆ ಪಟ್ಟಿಗೆ ಉದ್ದಕ್ಕೂ ಟಕ್ಕೆಂದು ಹಿಡಿಯಿತು. ಬಲಗಡೆ ಒಂದು ಗೇಣಿನಷ್ಟು ಜಾಗದಲ್ಲಿ ಜಾರಿ ಬಿತ್ತು. ಅಲ್ಲಿ ಉಕ್ಕೇ ಇಲ್ಲ, ಬರೀ ಪುಟ್ಟಿ. ಆಮೇಲೆ ಬಾಗಿಲಿನ ಸಂದು ತೋರಿಸಿದರು. ಮೈ ನಡುವೆ ಕುಸಿದರೆ ಆ ಸಂದು ಕೆಳಗಿಗಿಂತ ಮೇಲೆ ಕಿರಿದಾಗುತ್ತದೆ. ಬಲಗಡೆ ಕೂದಲೆಳೆಯಷ್ಟು ಕಿರಿದಾಗಿತ್ತು. ಎರಡು ವರ್ಷದೊಳಗೆ ಎರಡೂ ಕಡೆ ಕತ್ತರಿಸಿ ವೆಲ್ಡ್ ಮಾಡಿಸಬೇಕು, ಮೊದಲಾಗಿದ್ದರೆ ನಾನೇ ಮಾಡುತ್ತಿದ್ದೆ ಎಂದರು. ತಮ್ಮ ಮಾಲನ್ನು ಹೀಗೆ ಮಾರುವವರನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಮಗ ಅದಕ್ಕೂ ಹೆದರಲಿಲ್ಲ, ಕಲಿಯುತ್ತೇನೆ ಅಂದ. ಹೆದರಿದವಳು ನಾನು, ಆದರೆ ತುಕ್ಕಿಗಲ್ಲ. ಆಗಸ್ಟಿನಲ್ಲಿ ಒಂದು ರಾತ್ರಿ ನ್ಯೂಬರಿಯಿಂದ ನಾನೇ ನಮ್ಮ ಹಳೆಯ ಹ್ಯಾಚ್‌ಬ್ಯಾಕಿನಲ್ಲಿ ಎ34ರ ಮೇಲೆ ವಾಪಸು ಬರುತ್ತಿದ್ದೆ. ಸೌತಾಂಪ್ಟನ್ ಬಂದರಿನ ಲಾರಿಗಳೆಲ್ಲ ಆ ದಾರಿಯಲ್ಲೇ ಬರುವುದು. ಜೋರು ಮಳೆ. ಮುಂದಿನ ಲಾರಿ ಇದ್ದಕ್ಕಿದ್ದಂತೆ ನಿಂತಿತು, ನಾನು ಬ್ರೇಕ್ ತುಳಿದೆ, ಕಾಲಡಿ ಎಬಿಎಸ್ ಗಡಗಡ ಎಂದಿತು, ಕಾರು ನೆಟ್ಟಗೆ ನಿಂತಿತು. ಹಿಂದಿನ ಲಾರಿಯ ದೀಪ ನನ್ನ ಕನ್ನಡಿ ತುಂಬ. ಎಂಜಿಬಿಯಲ್ಲಿ ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ, ತಲೆಯ ಮೇಲೆ ಇರುವುದು ಬಟ್ಟೆ. ಮನೆಗೆ ಬಂದು ಬಟ್ಟೆ ಕೂಡ ಬದಲಿಸದೆ ಮಗನಿಗೆ ಹೇಳಿದೆ: ದಿನಾ ಆ ರಸ್ತೆಯಲ್ಲಿ ಆ ಕಾರಿನಲ್ಲಿ ನೀನು ಹೋಗುವುದು ನನಗೆ ಬೇಡ. ದುಡ್ಡು ಅವನದು, ವಯಸ್ಸೂ ಅವನದೇ. ನನ್ನ ಮಾತು ಮೀರಬಹುದಿತ್ತು. ಅವನು ಏನೂ ಹೇಳದೆ ಮಹಡಿಗೆ ಹೋದ. ಮೂರು ದಿನ ಬಿಟ್ಟು ಎಂಎಕ್ಸ್-5 ನೋಡಲು ಅಪ್ಪನ ಜೊತೆ ಹೋದ.

ನಾನು ಹೇಳಿದ್ದು ಸರಿಯೇ? ಗೊತ್ತಿಲ್ಲ. ಮೊದಲ ಕಾರು, ಒಂದೇ ಕಾರು, ದಿನಾ ಹೆದ್ದಾರಿ ಎಂದಾದರೆ ಹೊಸದನ್ನೇ ತಗೊಳ್ಳಿ ಎಂದು ನಿಮಗೂ ಹೇಳುತ್ತೇನೆ. ಎರಡನೆಯ ಕಾರು, ಮೇಲೊಂದು ಸೂರು, ಪಕ್ಕದಲ್ಲಿ ಕಲಿಸುವ ಒಬ್ಬರು ಇದ್ದರೆ ಹಳೆಯದರ ಸುಖ ಹೊಸದರಲ್ಲಿ ಬರುವುದಿಲ್ಲ. ಪಂಪನನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದವಳು ನಾನು, ನಿಧಾನಕ್ಕೆ ಬಿಚ್ಚಿಕೊಳ್ಳುವುದರ ರುಚಿ ನನಗೂ ಗೊತ್ತು. ಆದರೆ ಅವನಿಗೆ ಪಕ್ಕದಲ್ಲಿ ಕಲಿಸುವವರು ಇದ್ದರಲ್ಲ, ಅವರ ಕೈ ಇನ್ನೆಷ್ಟು ದಿನ ಎಂದೂ ಗೊತ್ತಿರಲಿಲ್ಲವಲ್ಲ. ಅದು ಈಗಲೂ ಒಮ್ಮೊಮ್ಮೆ ಚುಚ್ಚುತ್ತದೆ.

ತಾತನಿಗೆ ವಿಷಯ ಹೇಳಲು ಮಗ ಎರಡು ವಾರ ತಡಮಾಡಿದ. ಕೊನೆಗೆ ಹೇಳಿದಾಗ ಅವರು, "ಆ ಎ34ರಲ್ಲಿ ನಾನೇ ಅದನ್ನು ಓಡಿಸಿ ಹದಿನೈದು ವರ್ಷವಾಯಿತು, ನೀನು ಹೂಂ ಅಂದಿದ್ದರೆ ನಿನಗೆ ಬುದ್ಧಿಯಿಲ್ಲ ಅಂದುಕೊಳ್ಳುತ್ತಿದ್ದೆ" ಎಂದರಂತೆ. ಮನೆಗೆ ಬಂದ ಹೊಸ ಕಾರಿನ ಬಾನೆಟ್ ಎತ್ತಿಸಿದರು, ಎಂಜಿನ್ನಿನ ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಎರಡು ಬೆರಳಲ್ಲಿ ತಟ್ಟಿ ನೋಡಿ, ಮಾತಾಡದೆ ಮುಚ್ಚಿದರು. ಆಮೇಲೆ ಕೀಲಿ ಕೇಳಿದರು. ಹಳ್ಳಿಯ ಸುತ್ತ ಒಂದು ರೌಂಡು ಹೊಡೆದು ಬಂದಾಗ ಅವರ ಮುಖದಲ್ಲಿ ನಗು. ಗೇರ್ ಹಾಕುವಾಗಿನ ಹಿಡಿತ ಥೇಟ್ ನಮ್ಮದೇ, ಮಳೆ ಮಾತ್ರ ಒಳಗೆ ಬರುವುದಿಲ್ಲ ಎಂದರು.

ಹಸಿರು ಕಾರನ್ನು ಅಕ್ಟೋಬರಿನಲ್ಲಿ ವೇಲ್ಸ್ ಕಡೆಯ ಗಂಡಹೆಂಡತಿ ಬಂದು ಕೊಂಡರು. ಆ ಹೆಂಗಸು ವೆಲ್ಡಿಂಗ್ ಬಲ್ಲವಳು. ಅಯಸ್ಕಾಂತ ಅವಳೇ ತಂದಿದ್ದಳು. ಕಾರು ಹೊರಟಾಗ ಮಗ, ತಾತ ಇಬ್ಬರೂ ಗೇಟಿನಲ್ಲಿ ನಿಂತಿದ್ದರು. ನಾನು ಅಡಿಗೆಮನೆಯ ಕಿಟಕಿಯಿಂದಲೇ ಕೇಳಿಸಿಕೊಂಡೆ. ಎರಡನೇ ಗೇರು, ಮೂರನೇ ಗೇರು, ಚರ್ಚಿನ ತಿರುವು, ಅಷ್ಟೇ.

ಅವತ್ತು ಸಂಜೆ ತಾತ ತಮ್ಮ ಸ್ಪ್ಯಾನರ್ ಪೆಟ್ಟಿಗೆಯನ್ನು ಮಗನಿಗೆ ಕೊಟ್ಟರು. ಎಲ್ಲವೂ ಇಂಚಿನ ಅಳತೆಯವು. ಮಾಜ್ದಾದಲ್ಲಿರುವುದೆಲ್ಲ ಮಿಲಿಮೀಟರು, ಒಂದು ನಟ್ಟಿಗೂ ಅವು ಸರಿಹೊಂದುವುದಿಲ್ಲ. ಆದರೂ ಅವನು ಆ ಪೆಟ್ಟಿಗೆಯನ್ನು ಡಿಕ್ಕಿಯಲ್ಲೇ ಇಟ್ಟುಕೊಂಡು ಓಡಾಡುತ್ತಾನೆ, ಇರುವ ಅಂಗೈಯಗಲದ ಜಾಗವೂ ಅದಕ್ಕೇ ಹೋಗಿದೆ. ವಾರಾಂತ್ಯದ ಅಕ್ಕಿ ಮೂಟೆ ತರಬೇಕಾದರೆ ನಾನು ತೊಡೆಯ ಮೇಲೆ ಇಟ್ಟುಕೊಂಡು ಬರಬೇಕು.