ಮತಗಟ್ಟೆಯೂ ನೆರೆಮನೆಯೂ

(ಶತಮಾನೋತ್ಸವದ ಅಂಗವಾಗಿ ಹೊಸಪೇಟೆಯಲ್ಲಿ ನಡೆದ ಯುವಜನ ಸಮಾವೇಶದಲ್ಲಿ ಮಾಡಿದ ಭಾಷಣ)



ನೂರರ ಹಬ್ಬದ ಸಂಭ್ರಮದಲ್ಲಿ ಚುನಾವಣೆಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೂ ಈ ವಿಷಯವನ್ನು ನಾವು ಬೇಕೆಂದೇ ಆರಿಸಿಕೊಂಡಿದ್ದೇವೆ. ಚುನಾವಣೆ ಬಂತೆಂದರೆ ನಮ್ಮ ಯುವಕರು ಎರಡು ಪಾಲಾಗುತ್ತಾರೆ. ಒಂದು ಪಾಲಿನವರು ‘ಯಾರು ಬಂದರೂ ಅಷ್ಟೇ’ ಎಂದು ಮತದಾನದ ರಜೆಯಂದು ಹಂಪಿಯ ಹೊಳೆದಂಡೆಗೋ ಸಂಡೂರಿನ ಬೆಟ್ಟಕ್ಕೋ ಹೊರಟುಬಿಡುತ್ತಾರೆ. ಇನ್ನೊಂದು ಪಾಲಿನವರು ಪಕ್ಷದ ಶಾಲು ಹೊದ್ದು, ಮೊನ್ನೆಯವರೆಗೆ ಒಂದೇ ಬೆಂಚಿನಲ್ಲಿ ಕುಳಿತಿದ್ದ ಗೆಳೆಯನ ಮುಖವನ್ನೂ ನೋಡುವುದಿಲ್ಲ. ಇವರಿಬ್ಬರೂ ತೀರ ಬೇರೆ ಎಂದು ಲೋಕ ತಿಳಿದಿದೆ. ನಮಗೆ ಹಾಗೆ ತೋರುವುದಿಲ್ಲ. ಅಭ್ಯರ್ಥಿ ಯಾರು, ಹಿಂದೆ ಏನು ಮಾಡಿದ್ದಾನೆ, ಮುಂದೆ ಏನು ಮಾಡಬಲ್ಲ ಎಂದು ವಿಚಾರಿಸಿ ತಿಳಿಯುವ ಶ್ರಮ ಇಬ್ಬರಿಗೂ ಬೇಡವಾಗಿದೆ.

ಬೇಸರಕ್ಕೆ ಕಾರಣವೇ ಇಲ್ಲವೆಂದು ನಾವು ಹೇಳಲಾರೆವು. 2018ರಲ್ಲಿ ಹದಿನೆಂಟು ತುಂಬಿ ಮೊದಲ ಬಾರಿಗೆ ಪಟ್ಟಿಗೆ ಸೇರಿದ ಹೊಸಪೇಟೆಯ ಒಬ್ಬ ಹುಡುಗನನ್ನು ನೆನೆಯಿರಿ. ಆ ವರ್ಷ ಮೇ ತಿಂಗಳಲ್ಲಿ ವಿಧಾನಸಭೆಗೆ, ನವೆಂಬರಿನಲ್ಲಿ ಬಳ್ಳಾರಿ ಲೋಕಸಭಾ ಉಪಚುನಾವಣೆಗೆ, 2019ರ ಏಪ್ರಿಲಿನಲ್ಲಿ ಮತ್ತೆ ಲೋಕಸಭೆಗೆ, ಅದೇ ಡಿಸೆಂಬರಿನಲ್ಲಿ ವಿಜಯನಗರ ಕ್ಷೇತ್ರದ ಉಪಚುನಾವಣೆಗೆ, ಹೀಗೆ ಹತ್ತೊಂಬತ್ತು ತಿಂಗಳಲ್ಲಿ ನಾಲ್ಕು ಸಲ ಅವನ ಬೆರಳಿಗೆ ಶಾಯಿ ಬಿತ್ತು. 2008 ಮತ್ತು 2013ರಲ್ಲಿ ಬಿಜೆಪಿಯಿಂದ ಗೆದ್ದಿದ್ದ ಶ್ರೀ ಆನಂದ್ ಸಿಂಗ್ ಅವರು 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 2019ರ ಜುಲೈನಲ್ಲಿ ರಾಜೀನಾಮೆ ಕೊಟ್ಟು, ಅನರ್ಹರೆನಿಸಿ, ಸುಪ್ರೀಂ ಕೋರ್ಟು ಸ್ಪರ್ಧಿಸಲು ಅವಕಾಶವಿತ್ತ ಮೇಲೆ ಡಿಸೆಂಬರಿನಲ್ಲಿ ಬಿಜೆಪಿಯಿಂದಲೇ ಪುನಃ ಆರಿಸಿಬಂದರು. ಕಾನೂನು ಒಪ್ಪಿತು, ಜನ ಆರಿಸಿದರು; ಅದರ ಮೇಲೆ ತೀರ್ಪು ಕೊಡಲು ನಾವಿಲ್ಲಿ ನೆರೆದಿಲ್ಲ. ನಮ್ಮ ಪ್ರಶ್ನೆ ಕೆಳಗಿದ್ದ ಕಾರ್ಯಕರ್ತರದು. ಮೇ ತಿಂಗಳಲ್ಲಿ ಯಾರ ವಿರುದ್ಧ ಗಂಟಲು ಹರಿಯುವಂತೆ ಕೂಗಿದ್ದರೋ, ಮರುವರ್ಷ ಅವರಿಗೇ ಜಯಕಾರ ಹಾಕಬೇಕಾಯಿತು. ಆಗ ಶತ್ರುವೆಂದು ಬಗೆದು ಮಾತು ಬಿಟ್ಟ ನೆರೆಯವನೊಡನೆ ಈಗ ಒಂದೇ ಜೀಪಿನಲ್ಲಿ ಕೂಡಬೇಕಾಯಿತು. ಮೇಲಿನವರು ಸೇರಲು ಒಂದು ದಿನ ಸಾಕು. ಓಣಿಯಲ್ಲಿ ಮುರಿದ ಮಾತು ಕೂಡಲು ವರ್ಷಗಳೇ ಬೇಕು.

ಹಿರಿಯರಿಗೆ 1999 ನೆನಪಿರಬಹುದು. ಶ್ರೀಮತಿ ಸೋನಿಯಾ ಗಾಂಧಿ, ಶ್ರೀಮತಿ ಸುಷ್ಮಾ ಸ್ವರಾಜ್ ಇಬ್ಬರೂ ಬಳ್ಳಾರಿಯಲ್ಲಿ ನಿಂತಾಗ ದೇಶದ ಕಣ್ಣೆಲ್ಲ ಇತ್ತ ನೆಟ್ಟಿತ್ತು. ಸುಷ್ಮಾ ಅವರು ಅಲ್ಪಕಾಲದಲ್ಲಿ ಕನ್ನಡ ಕಲಿತು ಭಾಷಣ ಮಾಡಿದ್ದು ಈಗಲೂ ಮಾತಾಗಿದೆ. ಗೆದ್ದ ಸೋನಿಯಾ ಅವರು ಅಮೇಥಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು. ಅವರಿಗಾಗಿ ಜಗಳವಾಡಿದವರು ಮಾತ್ರ ಇಲ್ಲಿಯೇ ಉಳಿದೆವು.

ಇಷ್ಟಾದರೂ ‘ಯಾರು ಬಂದರೂ ಅಷ್ಟೇ’ ಎಂಬುದು ನಿಜವಲ್ಲ. ಜಿಲ್ಲಾ ಕಚೇರಿಯ ಒಂದು ಕಾಗದಕ್ಕಾಗಿ ಬಳ್ಳಾರಿಗೆ ಅಲೆದ ದಿನಗಳನ್ನು ನಮ್ಮ ತಂದೆತಾಯಿಯರು ಬಲ್ಲರು. 2021ರಲ್ಲಿ ವಿಜಯನಗರ ರಾಜ್ಯದ 31ನೆಯ ಜಿಲ್ಲೆಯಾಯಿತು. ಕಂಪ್ಲಿಯೂ ಸಂಡೂರೂ ಬಳ್ಳಾರಿಯಲ್ಲೇ ಉಳಿದವು. ಆ ಗೆರೆಯನ್ನು ಎಳೆದವರು ದೇವದೂತರಲ್ಲ, ಮತ ಪಡೆದವರೇ! ಇನ್ನು 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿ ನಿಂತಿದ್ದ ನೀರು ಕಣ್ಣೆದುರೇ ಹರಿದುಹೋಯಿತು. ತಜ್ಞ ಶ್ರೀ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದೊಳಗೆ ಹಲಗೆಗೇಟುಗಳನ್ನು ಇಳಿಸಿ ನೀರು ನಿಲ್ಲಿಸಿದ್ದು ದೊಡ್ಡ ಸಾಹಸವೇ ಸರಿ. ಆ ದಿನಗಳಲ್ಲಿ ನಮ್ಮ ಯುವಕರಲ್ಲಿ ಕೆಲವರು ಫೋನಿನಲ್ಲಿ ಚಿತ್ರ ಹಿಡಿದರು, ಕೆಲವರು ಎದುರು ಪಕ್ಷವನ್ನು ಬಯ್ದರು. ಸುಮಾರು ಎಪ್ಪತ್ತು ವರ್ಷ ಹಳೆಯದಾದ ಗೇಟುಗಳನ್ನು ನೋಡಿಕೊಳ್ಳುವವರು ಯಾರು, ಮೂರು ರಾಜ್ಯಗಳಿಗೂ ಕೇಂದ್ರಕ್ಕೂ ಸೇರಿದ ತುಂಗಭದ್ರಾ ಮಂಡಳಿಯನ್ನು ಕೇಳಬೇಕಾದವರು ಶಾಸಕರೋ ಸಂಸದರೋ ಎಂದು ವಿಚಾರಿಸಿದವರು ಬಹಳ ಮಂದಿ ನಮಗೆ ಸಿಗಲಿಲ್ಲ. ಕಂಪ್ಲಿಯ ಗದ್ದೆಗೆ ಅದು ಅನ್ನದ ಪ್ರಶ್ನೆ.

ಹಗೆತನದ ಮಾತಿಗೆ ಬರೋಣ. ನಮ್ಮ ನಡುವೆಯೇ ಒಂದೇ ಗೋಡೆಯ ಎರಡು ಮನೆಗಳು 2023ರ ಮೇ ತಿಂಗಳಿನಿಂದ ಮಾತು ಬಿಟ್ಟಿವೆ. ಮೊಬೈಲಿನಲ್ಲಿ ಬಂದ ಯಾವುದೋ ಚಿತ್ರವನ್ನು ಒಬ್ಬ ಇನ್ನೊಬ್ಬನಿಗೆ ಕಳುಹಿಸಿದನಂತೆ, ಅಷ್ಟೇ ಕಾರಣ. ಈಚೆಯ ಮನೆಯ ಕೂಸಿನ ಜ್ಞಾನಸ್ನಾನಕ್ಕೆ ಆಚೆಯ ಮನೆಗೆ ಕರೆ ಹೋಗಲಿಲ್ಲ. ಪೂಜೆಯಲ್ಲಿ ಶಾಂತಿಯನ್ನು ಹಂಚಿಕೊಳ್ಳುವ ಹೊತ್ತಿಗೆ ಇಬ್ಬರೂ ಬೇರೆ ಬೇರೆ ಸಾಲಿನವರಿಗೆ ಕೈ ಮುಗಿಯುತ್ತಾರೆ. ಗೆದ್ದವರಿಗೂ ಸೋತವರಿಗೂ ಈ ಎರಡು ಮನೆಗಳ ಹೆಸರು ಕೂಡ ತಿಳಿಯದು.

ಇನ್ನೊಂದು ಮಾತನ್ನೂ ಬಿಚ್ಚಿ ಹೇಳುತ್ತೇವೆ. ‘ನಿಮ್ಮ ಚರ್ಚಿನ ಮತಗಳೆಲ್ಲ ಒಟ್ಟಾಗಿ ಇಂಥವರಿಗೆ’ ಎಂದು ಯಾರಾದರೂ ಹೊರಗೆ ಮಾತು ಕೊಟ್ಟಿದ್ದರೆ, ಆ ಅಧಿಕಾರವನ್ನು ನಾವಾರೂ ಅವರಿಗೆ ಕೊಟ್ಟಿಲ್ಲ. ಧರ್ಮ, ಜಾತಿಗಳ ಹೆಸರಿನಲ್ಲಿ ಮತ ಕೇಳುವುದು ಜನಪ್ರತಿನಿಧಿ ಕಾಯ್ದೆಯ 123ನೆಯ ಕಲಮಿನಂತೆ ಭ್ರಷ್ಟಾಚರಣೆ. ಚುನಾವಣೆಗಾಗಿ ಜನವರ್ಗಗಳ ನಡುವೆ ದ್ವೇಷ ಹಬ್ಬಿಸುವುದು 125ನೆಯ ಕಲಮಿನಂತೆ ಅಪರಾಧ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿಯೇ ಮತವನ್ನು ಪ್ರತಿಯೊಬ್ಬ ನಾಗರಿಕನ ಹಕ್ಕೆಂದೂ ಕರ್ತವ್ಯವೆಂದೂ ಸಾರಿತು. ಅದನ್ನು ಸ್ವತಂತ್ರವಾಗಿ, ಸರ್ವರ ಹಿತಕ್ಕಾಗಿ ಚಲಾಯಿಸಬೇಕೆಂದಿತು.

ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. ಹಿಂದೆ ಜನವರಿ 1ಕ್ಕೆ ಹದಿನೆಂಟು ತುಂಬದಿದ್ದರೆ ಒಂದು ವರ್ಷ ಕಾಯಬೇಕಿತ್ತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನಗಳೂ ಲೆಕ್ಕಕ್ಕೆ ಬಂದಿವೆ. ಹದಿನೇಳು ತುಂಬಿದವರು ಮುಂಗಡವಾಗಿ ಅರ್ಜಿ ಕೊಡಬಹುದು. ತೋರಣಗಲ್ಲಿನ ಕಾರ್ಖಾನೆಯಲ್ಲಿ ದುಡಿಯುವವರಿಗೂ ಮತದಾನದ ದಿನ ಸಂಬಳ ಸಹಿತ ರಜೆಯಿದೆ.

ಮುಂದಿನ ಭಾನುವಾರ ಬಲಿಪೂಜೆಯ ನಂತರ ಸಭಾಭವನದಲ್ಲಿ 6ನೆಯ ನಮೂನೆಯ ಅರ್ಜಿಗಳನ್ನು ತುಂಬಿಸಿಕೊಡುತ್ತೇವೆ. ಮನೆ ಬದಲಾಯಿಸಿದವರಿಗೆ 8ನೆಯ ನಮೂನೆ. ವಯಸ್ಸಿನ ಹಾಗೂ ವಿಳಾಸದ ದಾಖಲೆ, ಒಂದು ಭಾವಚಿತ್ರ ತರಬೇಕು. ನಾವು ಹೇಳಿದ ಆ ಎರಡು ಮನೆಗಳಲ್ಲಿಯೂ ಹದಿನೆಂಟರ ಮಕ್ಕಳಿದ್ದಾರೆ. ಇಬ್ಬರಿಗೂ ಅರ್ಜಿ ತುಂಬಿಸುವ ಕೆಲಸ ವಹಿಸಿದ್ದೇವೆ, ಒಂದೇ ಮೇಜಿನಲ್ಲಿ. ಶಾಲುಗಳನ್ನು ಮಾತ್ರ ದಯವಿಟ್ಟು ಮನೆಯಲ್ಲೇ ಬಿಟ್ಟು ಬನ್ನಿರಿ.