ಲಯವನ್ನರಸಿದ ಕುಂಚ: ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು



ಚಿತ್ರಕಾರನೊಬ್ಬನು ಒಂದು ಬಗೆಯ ರಚನೆಯಲ್ಲಿ ಕೈ ಪಳಗಿಸಿಕೊಂಡು, ಅದರಿಂದಲೇ ಜನರ ಮನ್ನಣೆಯನ್ನೂ ಜೀವನೋಪಾಯವನ್ನೂ ಪಡೆದ ಬಳಿಕ, ಆ ಬಗೆಯನ್ನು ತಾನಾಗಿಯೇ ತೊರೆದು ಪುನಃ ವಿದ್ಯಾರ್ಥಿಯಾಗುವುದು ಸುಲಭವಾದುದಲ್ಲ. ಪಳಗಿದ ಕೈ ಬಿಡಲೊಲ್ಲದು. ಮೆಚ್ಚಿದ ಜನ ಬಿಡಗೊಡರು. ಉಡುಪಿಯ ಕೃಷ್ಣ ಹೆಬ್ಬಾರರು ಇದನ್ನು ಒಂದು ಸಲವಲ್ಲ, ಹಲವು ಸಲ ಮಾಡಿದರು. ಇದು ಚಂಚಲತೆಯೋ, ಅಥವಾ ಒಂದೇ ವಸ್ತುವಿನ ಎಡೆಬಿಡದ ಅನ್ವೇಷಣೆಯೋ ಎಂಬುದು ವಿಚಾರಯೋಗ್ಯವಾಗಿದೆ.

ಹೆಬ್ಬಾರರು ಜನಿಸಿದುದು 1911ನೆಯ ಇಸವಿ ಜೂನ್ 15ರಂದು, ಉಡುಪಿಗೂ ಕಾಪುವಿಗೂ ಸಮೀಪದ ಕಟ್ಟಿಂಗೇರಿಯಲ್ಲಿ. ಒಂದೆಡೆ ಕಾಪುವಿನ ಕಡಲು; ಇನ್ನೊಂದೆಡೆ ಕಾರ್ಕಳದ ಬಂಡೆಯ ಮೇಲೆ 1432ರಿಂದ ನಿಂತಿರುವ 42 ಅಡಿಯ ಗೊಮ್ಮಟ; ನಡುವೆ ಗದ್ದೆ, ತೆಂಗು, ಕೆಂಪುಕಲ್ಲಿನ ನೆಲ. ಮಳೆ ನಿಂತಿತೆಂದರೆ ಬಯಲಿನಲ್ಲಿ ಇರುಳೆಲ್ಲ ಯಕ್ಷಗಾನದ ಚೆಂಡೆ, ಇಲ್ಲವೇ ಭೂತದ ಕೋಲ. ಮನೆಯಲ್ಲಿ ತಂದೆಯವರು ಮಣ್ಣಿನ ಗಣಪತಿಯನ್ನು ಮಾಡುತ್ತಿದ್ದರು. ಬಾಲಕನ ಮೊದಲ ಪಾಠಶಾಲೆ ಇದೇ ಆಗಿದ್ದಿತು.

ಕಲಿಯುವ ಹಂಬಲವು ಅವರನ್ನು ಮುಂಬಯಿಗೆ ಎಳೆದೊಯ್ದಿತು. ಅಲ್ಲಿ ಜಿ. ಎಸ್. ದಂಡಾವತಿಮಠರು ನಡೆಸುತ್ತಿದ್ದ ನೂತನ ಕಲಾಮಂದಿರವು ಅವರಿಗೆ ಆಶ್ರಯವಿತ್ತಿತು. ಶಿಷ್ಯನ ಕೀರ್ತಿಯನ್ನು ಹೇಳುವವರು ಆ ಗುರುವಿನ ಹೆಸರನ್ನು ಮರೆಯುವುದು ನ್ಯಾಯವಲ್ಲ. ಮುಂದೆ ಸರ್ ಜೆ. ಜೆ. ಕಲಾಶಾಲೆಯಲ್ಲಿ 1938ರಲ್ಲಿ ಡಿಪ್ಲೊಮಾ ಪಡೆದು, ಕೆಲವು ವರ್ಷ ಅಲ್ಲಿಯೇ ಅಧ್ಯಾಪಕರಾದರು. ಬೆಳಕು ನೆರಳುಗಳ ಅಳತೆ, ಅಂಗಾಂಗಗಳ ಪ್ರಮಾಣ, ಕಂಡುದನ್ನು ಕಂಡಂತೆ ಬರೆಯುವ ಪಾಶ್ಚಾತ್ಯ ಪದ್ಧತಿ, ಇವು ಅವರಿಗೆ ಕರಗತವಾದುವು. ಅದರಲ್ಲಿಯೇ ಉಳಿದಿದ್ದರೆ ಒಳ್ಳೆಯ ಭಾವಚಿತ್ರಕಾರರೆಂಬ ಹೆಸರಿಗೆ ಕೊರತೆಯಿರುತ್ತಿರಲಿಲ್ಲ.

ಆದರೆ ಕಲಿತುದು ತಮ್ಮದಲ್ಲವೆಂಬ ಅತೃಪ್ತಿ ಅವರನ್ನು ಕಾಡಿತು. ಅಜಂತೆಯ ಭಿತ್ತಿಗಳನ್ನೂ ಜೈನರ ಓಲೆಗಳ ಚಿತ್ರಗಳನ್ನೂ ರಾಜಪುತ್ರ ಮತ್ತು ಮೊಗಲ ಲಘುಚಿತ್ರಗಳನ್ನೂ ಅಭ್ಯಸಿಸಿದರು. ಪ್ಯಾರಿಸಿನಲ್ಲಿ ಕಲಿತು ಬಂದು ಭಾರತದ ಹಳ್ಳಿಗರನ್ನು ಬರೆದ ಅಮೃತಾ ಶೇರ್‌ಗಿಲ್ಲರ ಕೃತಿಗಳು ಅವರಿಗೆ ದಾರಿ ತೋರಿದುವು. ಮಲೆಯಾಳದ ಪ್ರವಾಸದಿಂದ ಬಂದ ಚಿತ್ರಗಳಲ್ಲಿ ನೆರಳಿನ ಲೆಕ್ಕ ಕಳೆದು, ಸಪಾಟಾದ ಬಣ್ಣವೂ ಸರಳವಾದ ಆಕಾರವೂ ಮೆರೆದುವು. ‘ಕಾರ್ಲಾ ಗುಹೆ’ ಎಂಬ ಚಿತ್ರವೂ ಈ ಅನ್ವೇಷಣೆಗೆ ಸೇರಿದುದು. ಕಾರ್ಲಾ ಎಂದರೆ ಲೋಣಾವಳದ ಬಳಿಯ ಬೌದ್ಧ ಗುಹೆ. ನಮ್ಮ ಕಾರ್ಕಳವೆಂದು ಭ್ರಮಿಸಬಾರದು.

ಹೀಗೆ ಸ್ವದೇಶದ ದಾರಿ ಹಿಡಿದವರು 1949ರಲ್ಲಿ, ಮೂವತ್ತೆಂಟರ ಪ್ರಾಯದಲ್ಲಿ, ಪ್ಯಾರಿಸಿನ ಜೂಲಿಯನ್ ಅಕಾಡೆಮಿಗೆ ಹೋಗಿ ಮತ್ತೆ ಶಿಷ್ಯರ ಸಾಲಿನಲ್ಲಿ ಕುಳಿತರು. ಅಲ್ಲಿಯೇ ಎಸ್ತಿಯೆನ್ ಶಾಲೆಯಲ್ಲಿ ಮುದ್ರಣಚಿತ್ರದ ಕಲೆಯನ್ನೂ ನೋಡಿಕೊಂಡರು. ಮೊನ್ನೆಯವರೆಗೆ ಅಧ್ಯಾಪಕರಾಗಿದ್ದವರಿಗೆ ಇದು ಎಂತಹ ವಿನಯವೆಂಬುದನ್ನು ವಿದ್ಯೆ ಕಲಿಸುವವರೇ ಬಲ್ಲರು.

ಇದಕ್ಕಿಂತಲೂ ಸೋಜಿಗದ ಸಂಗತಿಯೊಂದಿದೆ. ರೇಖೆಗೆ ಲಯವು ಎಲ್ಲಿಂದ ಬರುತ್ತದೆಂದು ತಿಳಿಯಲು ಹೆಬ್ಬಾರರು ಪಂಡಿತ ಸುಂದರಪ್ರಸಾದರಲ್ಲಿ ಎರಡು ವರ್ಷ ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ವೇದಿಕೆಯೇರುವುದು ಅವರ ಉದ್ದೇಶವಾಗಿರಲಿಲ್ಲ. ಕಾಲಿನ ತಾಳವನ್ನು ಕೈಗೆ ತರುವುದು ಉದ್ದೇಶವಾಗಿದ್ದಿತು. ಅದರ ಫಲವನ್ನು ‘ಹಾಡುವ ರೇಖೆ’ ಎಂದು ಹೆಸರಾದ ಅವರ ರೇಖಾಚಿತ್ರಗಳಲ್ಲಿ ಕಾಣಬಹುದು. ತೈಲವರ್ಣದಲ್ಲಿ ನಿನ್ನೆಯ ತಪ್ಪನ್ನು ಇಂದಿನ ಬಣ್ಣದಿಂದ ಮುಚ್ಚಬಹುದು. ಶಾಯಿಯಲ್ಲಿ ಆ ಸೌಕರ್ಯವಿಲ್ಲ. ಎಳೆದ ಗೆರೆ ಎಳೆದಂತೆಯೇ ನಿಲ್ಲುತ್ತದೆ. ಆ ಚಿತ್ರಗಳಲ್ಲಿ ಕಣ್ಣು ಮೂಗುಗಳ ವಿವರ ಸ್ವಲ್ಪವೇ. ಬೆನ್ನಿನ ಬಾಗು, ನೆಲವನ್ನೊದೆವ ಹಿಮ್ಮಡಿ, ಚಾಚಿದ ತೋಳು, ಇಷ್ಟರಿಂದಲೇ ನರ್ತಕನು ಎದ್ದು ನಿಲ್ಲುತ್ತಾನೆ. ಬಣ್ಣದ ಎಲ್ಲ ವೈಭವವನ್ನು ಬಲ್ಲವನು ಅದೆಲ್ಲವನ್ನೂ ಬದಿಗಿಟ್ಟು ಒಂದು ಕಪ್ಪು ಗೆರೆಯಿಂದ ತೃಪ್ತನಾದುದು ಹೆಬ್ಬಾರರ ಸಾಧನೆಯಲ್ಲಿ ಅತ್ಯುನ್ನತವಾದುದೆಂದು ಹೇಳಲು ಸಂಕೋಚಪಡಬೇಕಾದುದಿಲ್ಲ.

ಆದರೆ ಬಣ್ಣವನ್ನು ಅವರು ತ್ಯಜಿಸಲಿಲ್ಲ. ಮುಂದಿನ ತೈಲಚಿತ್ರಗಳಲ್ಲಿ ವರ್ಣವು ದಪ್ಪವಾಗಿ, ಬೆರಳಿಗೆ ತಾಗುವಂತೆ, ಪದರ ಪದರವಾಗಿ ಕೂಡಿತು. ಆಕಾರಗಳು ಅದರಲ್ಲಿ ಕರಗತೊಡಗಿದುವು. ಚಂದ್ರ, ಬೆಳಕು, ಆಕಾಶಗಳು ವಸ್ತುವಾದುವು. ಹಾಗಿದ್ದರೂ ಮನುಷ್ಯನ ಬವಣೆಯನ್ನು ಬಿಟ್ಟುಕೊಟ್ಟವರಲ್ಲ. ‘ಹಸಿದ ಜೀವ’ ಎಂಬರ್ಥದ ಹೆಸರಿನ ಚಿತ್ರವೇ ಇದಕ್ಕೆ ಸಾಕ್ಷಿ. ಮಲೆಯಾಳದ ಚಿತ್ರಗಳಲ್ಲಿದ್ದ ಸಪಾಟು ಬಣ್ಣವನ್ನು ಇಲ್ಲಿ ಹುಡುಕಿದರೆ ದೊರೆಯದು. ದೇಹದ ತೂಗನ್ನು ಹುಡುಕಿದರೆ ಅಲ್ಲಿಯೂ ಇಲ್ಲಿಯೂ ದೊರೆಯುತ್ತದೆ.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರಿಗೆ ಸಂದುವು. 1996ರ ಮಾರ್ಚ್ 26ರಂದು ಮುಂಬಯಿಯಲ್ಲಿ ಕಾಲವಾದರು. ಹುಟ್ಟಿದೂರಿನ ನೆರೆಯ ಮಣಿಪಾಲದಲ್ಲಿ ಅವರ ಹೆಸರಿನ ಚಿತ್ರಶಾಲೆಯು ಸ್ಥಾಪಿತವಾಯಿತು. ತಮ್ಮ ಹಲವು ಕೃತಿಗಳನ್ನು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಗೆ ಅವರೇ ದಾನವಾಗಿತ್ತಿದ್ದರು. ತೊರೆದು ಬಂದ ಬಗೆಗಳನ್ನು ಅವರು ಮರೆಮಾಡಲಿಲ್ಲ. ಬೇರೆ ಬೇರೆ ಕಾಲದ ಕೃತಿಗಳು ಅಲ್ಲಿ ಒಂದೇ ಸೂರಿನಡಿ ಸೇರಿದುವು.